ಒಂದು ಚಕ್ಕೆ

ಫಾರೆಸ್ಟ್ ಗಾರ್ಡ್ ಗಂಧದ ಕಳ್ಳನನ್ನು ಹಿಡಿದು ಬೆಟ್ಟ ಇಳಿಯುತ್ತಿದ್ದಾಗ ಮಳೆಗೆ ಹಳ್ಳ ತುಂಬಿ ದಾರಿ ಮುಚ್ಚಿತು. ಇಬ್ಬರೂ ಬಂಡೆಯಡಿ ಕೂತರು. ಗಾರ್ಡ್ ಒದ್ದೆ ಪುರಳೆ ಕಡ್ಡಿಗೆ ಲೈಟರ್ ಹಿಡಿದೂ ಹಿಡಿದೂ ಸೋತ. ಹೊಗೆ ಬಂತೇ ಹೊರತು ಬೆಂಕಿ ಹತ್ತಲಿಲ್ಲ. ಚಳಿಗೆ ಅವನ ಹಲ್ಲು ಕಟಕಟಿಸುತ್ತಿದ್ದವು.

“ಹಿಂಗೇ ಇದ್ರೆ ಸತ್ತೋಗ್ತೀರ ಸಾರ್. ನನ್ ಚೀಲದಾಗಿರೋ ಗಂಧ ಒಣಗೈತೆ. ಎಣ್ಣೆ ಮರ, ಬೇಗ ಹತ್ಕೊಳ್ತೈತೆ.”

“ಅದು ಕೋರ್ಟಿಗೆ ತೋರಿಸ್ಬೇಕಾದ ಮಾಲು ಕಣೋ.”

“ಒಂದೇ ಒಂದು ಚಕ್ಕೆ ಸಾರ್.”

ಬೇಡವೆನ್ನುವ ತ್ರಾಣವೂ ಗಾರ್ಡ್‌ಗೆ ಉಳಿದಿರಲಿಲ್ಲ. ಚಕ್ಕೆಯಾದ ಮೇಲೆ ಒಂದು ತುಂಡು, ಅದಾದ ಮೇಲೆ ಇನ್ನೊಂದು. ಬಂಡೆಯಡಿಯೆಲ್ಲ ಘಮಘಮ. ಅವನಿಗೆ ಜೊಂಪು ಹತ್ತಿತು.

ಎಚ್ಚರವಾದಾಗ ಮಳೆ ನಿಂತಿತ್ತು, ಹಳ್ಳವೂ ಇಳಿದಿತ್ತು.

“ಏಳು, ನಡಿ ಸ್ಟೇಷನ್ನಿಗೆ.”

ಕಳ್ಳ ಖಾಲಿ ಚೀಲವನ್ನು ಬೆಂಕಿಯ ಮೇಲೆ ಕೊಡವಿದ.

“ಯಾವ ಕೇಸಿಗೆ ಸಾರ್?”