ಮದ್ದು ಸಿಡಿಯುವ ಹೊತ್ತು

“ಮದ್ದಿಗೆ ಬೆಂಕಿ ಇಟ್ಟವ್ರೇ... ಬೆಂಕಿ! ಓಡ್ರಪ್ಪೋ, ಕಮಾನೊಳಕ್ಕೆ ಓಡ್ರೋ!”

ಗುಲ್ಜಾರ್ ಬೀ ಕೂಗಿದ ಕೂಗಿಗೆ, ಹಳೇ ಕಲ್ಲುಕ್ವಾರಿ ನೋಡಲೆಂದು ಬೆಂಗಳೂರಿನಿಂದ ಬಂದಿದ್ದ ಐದೂ ಜನ ಬೆಚ್ಚಿಬಿದ್ದರು. ಬಂಡೆಗೆ ಮದ್ದು ತುಂಬಿದ್ದಾರಂತೆ, ಬತ್ತಿ ಹೊತ್ತಿಸಿಬಿಟ್ಟಿದ್ದಾರಂತೆ ಅಂತ ಒಬ್ಬರ ಮೇಲೊಬ್ಬರು ಬಿದ್ದು, ಟೋಪಿ ಒಂದು ಕಡೆ ನೀರಿನ ಬಾಟಲಿ ಒಂದು ಕಡೆ ಬಿಸಾಕಿ, ಹಳೇ ರೈಲುದಾರಿಯ ಕೆಳಗಿನ ಕಲ್ಲಿನ ಕಮಾನಿನೊಳಗೆ ನುಗ್ಗಿದರು. ಅವರ ಹಿಂದೆಯೇ ಸೆರಗು ಬಿಗಿದುಕೊಂಡು ಗುಲ್ಜಾರ್ ಬೀಯೂ ನುಗ್ಗಿದಳು. ಈ ವಯಸ್ಸಿನಲ್ಲಿ ತಾನು ಇಷ್ಟು ಜೋರಾಗಿ ಓಡಬಲ್ಲೆ ಅಂತ ಅವಳಿಗೇ ಗೊತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಬೆಂಕಿಯೂ ಇರಲಿಲ್ಲ, ಮದ್ದೂ ಇರಲಿಲ್ಲ. ರಾಮನಗರದ ಈ ಗುಡ್ಡದ ಕ್ವಾರಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಕಲ್ಲು ಹೊತ್ತ ವ್ಯಾಗನ್ ಉರುಳುತ್ತಿದ್ದ ಹಳಿಗಳನ್ನು ಗುಜರಿಯವರು ಕಿತ್ತು ಸಾಗಿಸಿದ್ದರು. ಆಳುಗಳು ಕನಕಪುರದ ಕ್ವಾರಿಗಳಿಗೆ ಕೆಲವರು, ಬಿಡದಿಯ ಫ್ಯಾಕ್ಟರಿಗಳಿಗೆ ಕೆಲವರು ಅಂತ ಚೆದುರಿಹೋಗಿದ್ದರು. ಬಂಡೆಗೆ ಮದ್ದು ಹೊಡೆಯುತ್ತಿದ್ದ ಗಂಡ ರಸೂಲ್ ತೀರಿಕೊಂಡ ಮೇಲೂ ಕದಲದೆ ಉಳಿದವಳು ಇವಳೊಬ್ಬಳೇ. ಆಳುಗಳಿಗೆಂದು ಕಟ್ಟಿದ್ದ ಅಷ್ಟುದ್ದದ ಲೈನ್ ಮನೆಗಳ ಸಾಲಿನಲ್ಲಿ ಈಗ ಉರಿಯುವುದು ಒಂದೇ ಒಲೆ.

ಅಂಥ ಕಡೆ ಇವತ್ತು ವ್ಯಾನು ಬಂದು ನಿಂತಿತ್ತು. ಜನರ ಸದ್ದು! ಟೀ ಕುಡಿಯುತ್ತೀರಾ ಅಂತ ಕೇಳೋಣವೆಂದು ಅವಳು ಬಾಗಿಲಿಗೆ ಓಡಿ ಬಂದರೆ, ಅವರ ಮುಂದಾಳು ಶಶಾಂಕ್ ಎಂಬುವನು ಮನೆಗಳ ಸಾಲಿಗೆ ಕೈ ತೋರಿಸಿ, “ಒಂದ್ ಕಾಲಕ್ಕೆ ಇಲ್ಲಿ ಇಡೀ ಊರೇ ಇತ್ತು. ಈಗ ಯಾರೂ ಇಲ್ಲ” ಅನ್ನುತ್ತಿದ್ದ. ಯಾರೂ ಇಲ್ಲ ಅಂದವನೇ ಇವಳ ಕಡೆ ತಿರುಗಿ, “ಅಜ್ಜಿ, ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ? ಬಾಗಿಲಿನ ಫೋಟೋ ತಗೋಬೇಕು” ಅಂದ. ಅವಳು ಸರಿದು ನಿಂತಳು. ಫೋಟೋ ಆಯಿತು. ಐವರೂ ವ್ಯಾನಿನ ಕಡೆ ಹೆಜ್ಜೆ ಹಾಕಿದರು. ಆಗ ಬಾಯಿಗೆ ಬಂದದ್ದು ಆ ಕೂಗು. ರಸೂಲ್ ದಿನಾ ಕೂಗುತ್ತಿದ್ದ ಕೂಗು.

ಕಮಾನಿನೊಳಗೆ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು.

“ಒತ್ಕೊಂಡ್ ಕೂತ್ಕೊಳ್ಳಿ, ಚೂರುಗಲ್ಲು ಇಲ್ಲೀಗಂಟ ಹಾರ್ತವೆ,” ಅಂದಳು ಗುಲ್ಜಾರ್ ಬೀ.

“ಎಷ್ಟೊತ್ತಾಗುತ್ತೆ ಅಜ್ಜಿ?” ಪಕ್ಕದಲ್ಲಿದ್ದ ಹುಡುಗಿ ಇವಳಿಗೆ ಅಂಟಿಕೊಂಡು ಕೇಳಿದಳು.

“ಆಯ್ತದೆ ಕಣವ್ವಾ. ಬತ್ತಿ ತಂಡಿ ಹಿಡಿದಿದ್ರೆ ಒಸಿ ತಡ. ಅಲ್ಲೀಗಂಟ ಯಾರೂ ಈಚೆಗೆ ಹೋಗಂಗಿಲ್ಲ. ನಿನ್ನ ಹೆಸ್ರೇನು? ಮದ್ವೆ ಆಗೈತಾ?”

“ಶಾಂಭವಿ. ಇಲ್ಲ ಅಜ್ಜಿ.”

“ನನ್ನೂ ಕೇಳಿ ಅಜ್ಜಿ, ನಂಗೂ ಆಗಿಲ್ಲ!” ಅಂದ ಪುನೀತ್ ಅನ್ನುವ ದಪ್ಪ ಹುಡುಗ.

“ನಿಂಗ್ಯಾರಪ್ಪಾ ಹೆಣ್ಣು ಕೊಟ್ಟಾರು? ಹೆಣ್ಮಕ್ಳನ್ನೆಲ್ಲ ಹಿಂದಕ್ಕೆ ಬುಟ್ಟು ನೀನೇ ಮೊದ್ಲು ಬಂದು ಮೂಲೆ ಸೇರ್ಕೊಂಡೆಯಲ್ಲ!”

ಹೆದರಿಕೆಯ ನಡುವೆಯೂ ಎಲ್ಲರೂ ಗೊಳ್ಳೆಂದರು. ಆ ನಗು ಕಮಾನಿನ ಕಲ್ಲಿಗೆ ಬಡಿದು ದೊಡ್ಡದಾಗಿ ವಾಪಸು ಬಂತು. ಗುಲ್ಜಾರ್ ಬೀ ಕಣ್ಣು ಮುಚ್ಚಿಕೊಂಡಳು. ಕ್ವಾರಿ ನಡೆಯುತ್ತಿದ್ದ ಕಾಲಕ್ಕೆ ದಿನಾ ಮಧ್ಯಾಹ್ನ, ಮದ್ದು ಸಿಡಿಯುವ ಹೊತ್ತಿಗೆ, ಊರಿಗೆ ಊರೇ ಇಲ್ಲಿ ಹೀಗೆ ಕೂರುತ್ತಿತ್ತು. ಹಿಟ್ಟು ಮೆತ್ತಿದ ಕೈಯವರು, ಮಗುವಿಗೆ ಹಾಲೂಡಿಸುವವರು, ನಲ್ಲಿ ನೀರಿಗೆ ಜಗಳವಾಡಿ ಮಾತು ಬಿಟ್ಟವರು. ಯಾರಾದರೂ ಸರಿ, ತೊಡೆಗೆ ತೊಡೆ ತಾಗಿಸಿ ಕೂರಲೇಬೇಕು. ಢಮಾರ್ ಅಂದರೆ ಉಳಿದವರಿಗೆ ಉಸಿರು ಬರುತ್ತಿತ್ತು. ಇವಳಿಗೆ ಮಾತ್ರ, ಅಯ್ಯೋ ಆಗಿಹೋಯಿತಲ್ಲ, ಇನ್ನು ಎಲ್ಲರೂ ಎದ್ದು ಹೋಗುತ್ತಾರಲ್ಲ ಅನ್ನಿಸುತ್ತಿತ್ತು.

ಶಾಂಭವಿ ಅವಳ ಕೈ ಹಿಡಿದುಕೊಂಡಳು. ಹುಡುಗಿಯ ಅಂಗೈ ಬೆವರಿ ತಣ್ಣಗಾಗಿತ್ತು. ಹೇಳಿಬಿಡಬೇಕು, ಏನೂ ಇಲ್ಲ ಕಣವ್ವಾ ಅಂತ ಹೇಳಿಬಿಡಬೇಕು ಅಂದುಕೊಂಡಳು ಗುಲ್ಜಾರ್ ಬೀ. ಅಂದುಕೊಂಡು, ಆ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಹೊರಗೆ ಮೇಕೆಗಳು ಅರಚಿದವು. ಗುಡ್ಡದಾಚೆ ಊರಿನ ಚಲುವಯ್ಯ ಹೆಗಲ ಮೇಲೆ ಕೋಲಿಟ್ಟುಕೊಂಡು, ಕ್ವಾರಿಯ ನಟ್ಟನಡುವೆ ಆರಾಮಾಗಿ ಬರುತ್ತಿದ್ದ.

“ಯಜಮಾನ್ರೇ, ಓಡಿ ಬನ್ನಿ! ಮದ್ದಿಗೆ ಬೆಂಕಿ ಇಟ್ಟಿದಾರೆ!” ಶಶಾಂಕ್ ಗಂಟಲು ಹರಿಯುವಂತೆ ಕೂಗಿದ.

“ಯಾರಪ್ಪಾ ಇಟ್ಟೋರು, ನಿಮ್ಮಜ್ಜಿ ತಲೆ! ಕ್ವಾರಿ ಮುಚ್ದಾಗ ನನ್ ಮೊಮ್ಮಗ ಹುಟ್ಟಿರ್ನಿಲ್ಲ. ಈಗ ಅವ್ನು ಬೈಕ್ ಓಡಿಸ್ತಾನೆ,” ಅಂದವನು ಮೇಕೆಗಳನ್ನು ಹೊಡೆದುಕೊಂಡು ಹಾಗೇ ಮುಂದಕ್ಕೆ ಹೋದ.

ಶಾಂಭವಿ ಮೆಲ್ಲಗೆ ಕೈ ಬಿಡಿಸಿಕೊಂಡಳು. ಒಬ್ಬೊಬ್ಬರೇ ಎದ್ದು, ಪ್ಯಾಂಟು ಕೊಡವಿಕೊಂಡು, ಬಗ್ಗಿ ಬೆಳಕಿಗೆ ಹೋದರು. ಪುನೀತನೂ ನಗಲಿಲ್ಲ. ಉಳಿದವನು ಶಶಾಂಕ್ ಒಬ್ಬ. ಕಮಾನಿನ ಬಾಯಿಗೆ ಅಡ್ಡಲಾಗಿ ನಿಂತಿದ್ದ.

“ಏನಜ್ಜಿ ಇದು? ಆ ಹುಡುಗಿ ಹೆದರಿ ಅಳೋ ಹಾಗಾಗಿದ್ಲು. ಓಡೋವಾಗ ಬಿದ್ದು ಯಾರಾದ್ರೂ ಕೈಕಾಲು ಮುರ್ಕೊಂಡಿದ್ರೆ? ಪೊಲೀಸ್‌ಗೆ ಕಂಪ್ಲೇಂಟ್ ಕೊಡ್ಬೇಕು ನಿಮ್ಮ ಮೇಲೆ. ಈ ವಯಸ್ಸಲ್ಲಿ ಮಾಡೋ ಕೆಲಸನಾ ಇದು?”

ಅವಳು ತಲೆಯಾಡಿಸಿದಳು. ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಅಷ್ಟರಲ್ಲಿ ವ್ಯಾನಿನ ಹಾರ್ನ್ ಕೇಳಿಸಿತು. ಶಶಾಂಕ್ ಅತ್ತ ತಿರುಗಿದ. ಗುಲ್ಜಾರ್ ಬೀ ಗಾಬರಿಬಿದ್ದು, ತನ್ನ ಪಕ್ಕದ ಮಣ್ಣನ್ನು ಅಂಗೈಯಿಂದ ಸವರಿ ಜಾಗ ಮಾಡಿದಳು.

“ಬಯ್ಯಪ್ಪಾ, ಬಯ್ಯಿ. ನಿಂತ್ಕೊಂಡ್ಯಾಕೆ ಬಯ್ತೀಯಾ? ಒಸಿ ಕೂತ್ಕೊಂಡ್ ಬಯ್ಯಿ.”