ನೋಡಲು ಬಂದವರಿಗೆ ಗೊಜ್ಜವಲಕ್ಕಿ

ಗೇಟಿನ ಚಿಲಕ ಸದ್ದಾದಾಗ ಸಂಹಿತಾ ಗೊಜ್ಜವಲಕ್ಕಿಗೆ ಎರಡನೆಯ ಸಲ ಉಪ್ಪು ಹಾಕುತ್ತಿದ್ದಳು. ಮೊದಲನೆಯ ಸಲ ಹಾಕಿದ್ದು ಆಮೇಲೆ ನೆನಪಾಯಿತು.

ಐದಕ್ಕೆ ಬರುತ್ತೇವೆ ಎಂದಿದ್ದವರು ನಾಲ್ಕೂಕಾಲಿಗೇ ಬಂದಿದ್ದರು. ಅಂಗಡಿಯಿಂದ ಏನನ್ನೂ ತರಿಸುವಂತಿರಲಿಲ್ಲ. ಅಪ್ಪ ಸತ್ಯನಾರಾಯಣ ರಾಯರು ಹೊರಗಿನ ಒಂದು ತುತ್ತನ್ನೂ ಮುಟ್ಟುವವರಲ್ಲ, ಮನೆಗೆ ಬಂದವರಿಗೂ ಕೊಡುವವರಲ್ಲ. ಹಾಗಾಗಿ ಹತ್ತು ನಿಮಿಷದ ತಿಂಡಿ. ತರಿತರಿಯಾಗಿ ಪುಡಿ ಮಾಡಿದ ಅವಲಕ್ಕಿಗೆ ಹುಣಿಸೆ ನೀರು, ಬೆಲ್ಲ, ಸಾರಿನ ಪುಡಿ ಕಲಸಿ, ಒಗ್ಗರಣೆ ಕೊಟ್ಟು, ಕೊಬ್ಬರಿ ಉದುರಿಸಿದರೆ ಆಯಿತು. ಕುಡಿಯಲು ನಿಂಬೆ ಪಾನಕ. ಅಮ್ಮ ಲಕ್ಷ್ಮೀಬಾಯಿ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಸ್ಟೂಲಿನ ಮೇಲೆ ಕೂತು ಹೇಳಿಕೊಡುತ್ತಿದ್ದರು.

"ಸೀಕ್ರ ಒಗ್ಗರಣೆ ಹಾಕೇ. ಗೇಟು ದಾಟಿ ವಾಸಲಲ್ಲಿ, ಬಾಗಿಲಲ್ಲೇ ಬಂದು ನಿಂತಾಯ್ತು."

"ತೆರಿಯುಂಮಾ, ಗೊತ್ತು."

"ತೆರಿಯುಂ ಅಂತೆ! ಎಣ್ಣೆ ಕಾದೇ ಇಲ್ಲ, ಸಾಸಿವೆ ಈಜ್ತಾ ಇದೆ." ಅಮ್ಮ ದನಿ ತಗ್ಗಿಸಿದರು. "ಕೇಳಿದ್ರೆ ಅಡುಗೆ ಎಲ್ಲಾ ಬರುತ್ತೆ ಅನ್ನು. ಬರಲ್ಲ ಅಂತ ಗೊತ್ತಾದ್ರೆ ತಲೆ ಮೇಲೆ ಹತ್ತಿ ಕೂತ್ಕೋತಾರೆ. ಮೊದಲನೇ ದಿನವೇ ಗತ್ತು ಇರ್ಬೇಕು."

ಇದಕ್ಕೆ ಮುಂಚೆ ಮೂರು ಕಡೆಯವರು ಬಂದು ನೋಡಿ ಹೋಗಿದ್ದರು. ಮೊದಲನೆಯವರಿಗೆ ಈ ಮನೆಯಿರುವ ಪೋರೂರು ದೂರವಾಯಿತು. ಎರಡನೆಯವರು ತಿಂಡಿ ತಿಂದು, ಕಾಫಿ ಕುಡಿದು, ಫೋನ್ ಮಾಡುತ್ತೇವೆ ಎಂದರು. ಮಾಡಲಿಲ್ಲ. ಮೂರನೆಯವರಿಗೆ ಅಮೆರಿಕದವರು ಸಿಕ್ಕಿದರು. ಮುಂದಿನ ತಿಂಗಳು ಅಮ್ಮನ ಮೊಣಕಾಲಿನ ಆಪರೇಷನ್. ಅಷ್ಟರೊಳಗೆ ಇದೊಂದು ಮುಗಿಯಬೇಕು. ಇವರೂ ಒಲ್ಲೆ ಎಂದರೆ ಸಂಹಿತಾ ಬ್ಯಾಂಕಿನ ಕೆಲಸ ಬಿಟ್ಟು ಮನೆಯಲ್ಲಿರಬೇಕೆಂದು ಅಪ್ಪ ಹೇಳಿಯಾಗಿತ್ತು. ಮೂರು ಸಲ ಪರೀಕ್ಷೆ ಬರೆದು ಸಿಕ್ಕ ಕೆಲಸ. ಸೇರಿ ಇನ್ನೂ ಏಳು ತಿಂಗಳಾಗಿರಲಿಲ್ಲ.

ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡಳು. ಚೂಡಿದಾರ್ ಬೇಡವೆಂದು ಅಮ್ಮ ಬೆಳಿಗ್ಗೆಯೇ ಹೇಳಿದ್ದರು. ಆಚಾರದ ಮನೆ ಎಂದು ನೋಡಿದೊಡನೆ ತಿಳಿಯಬೇಕಂತೆ.

ಹಾಲಿನಲ್ಲಿ ಇಬ್ಬರು. ಪುರಸೈವಾಕ್ಕಂನಲ್ಲಿ ಹೋಟೆಲು ನಡೆಸುವ ಬಾಬು ಭಟ್ಟರು, ಪಕ್ಕದಲ್ಲಿ ಅವರ ಸೋದರಳಿಯ ಗುರುಚರಣ. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ತಟ್ಟೆ ತೆಗೆದುಕೊಳ್ಳುವಾಗ ಅವನು ಸಂಹಿತಾಳ ಮುಖ ನೋಡಲಿಲ್ಲ. ತಟ್ಟೆ ನೋಡಿದ.

"ಗೋತ್ರ?" ಅಪ್ಪ ಕೇಳಿದರು.

"ವಿಶ್ವಾಮಿತ್ರ."

"ಸಂಧ್ಯಾವಂದನೆ?"

"ಎರಡು ಹೊತ್ತು. ಮೂರು ಅಂತ ಹೇಳಿದ್ರೆ ಸುಳ್ಳಾಗ್ತದೆ."

"ವೆಂಗಾಯ, ಬೆಳ್ಳುಳ್ಳಿ?"

"ನೀರುಳ್ಳಿ, ಬೆಳ್ಳುಳ್ಳಿ ಎರಡೂ ಮುಟ್ಟುವುದಿಲ್ಲ."

ಅಪ್ಪನ ಭುಜ ಒಂದಂಗುಲ ಇಳಿಯಿತು. "ಒಂದು ವಿಷಯ. ನಮ್ಮ ಜೊತೆಗೇ ಇರಬೇಕಾಗುತ್ತೆ. ಮಹಡಿ ಮೇಲೆ ಒಂದು ರೂಮ್ ಇದೆ, ಫ್ಯಾನ್ ಇದೆ."

"ಅದೇ ಬೇಕಾದ್ದು ರಾಯರೇ," ಎಂದರು ಭಟ್ಟರು. "ಎಂಟು ವರ್ಷ ನಮ್ಮ ಹೋಟೆಲಲ್ಲೇ ಇದ್ದ. ಈಗ ಮನೆ ಅಂತ ಒಂದು ಬೇಕು ಅಂತಾನೆ. ಎರಡು ಕಡೆ ಆಗಿ ಬರ್ಲಿಲ್ಲ. ಮುಚ್ಚಿಡುವುದು ಎಂಥದ್ದಕ್ಕೆ?"

ಕುಂಟುತ್ತಾ ಹಾಲಿಗೆ ಬಂದು ಕೂತಿದ್ದ ಅಮ್ಮನ ಕಿವಿ ನೆಟ್ಟಗಾಯಿತು. "ಯಾಕೆ ತಪ್ಪಿತು?"

"ಹೆಂಗಸರ ಜೊತೆ ಹೊಂದಿಕೆ ಆಗ್ಲಿಲ್ಲ."

ಗುರುಚರಣ ಒಂದು ಚಮಚ ಅವಲಕ್ಕಿ ಬಾಯಿಗೆ ಹಾಕಿಕೊಂಡ. ಅಗಿಯುವುದನ್ನು ನಿಲ್ಲಿಸಿದ. ನುಂಗಿದ. ಪಾನಕದ ಲೋಟವನ್ನು ಎತ್ತಿ, ಕೆಳಗಿಡದೆ ಪೂರ್ತಿ ಕುಡಿದ. ಸಂಹಿತಾ ಎಲ್ಲವನ್ನೂ ನೋಡುತ್ತಿದ್ದಳು.

"ಅವರಿಬ್ರೂ ಸ್ವಲ್ಪ ಮಾತಾಡ್ಲಿ ಮಾರಾಯ್ರೆ," ಎಂದರು ಭಟ್ಟರು. "ನಾಳೆ ಏಗಬೇಕಾದವರು ಅವರು."

"ಒಳಗೇ ಹೋಗಲಿ," ಎಂದರು ಅಪ್ಪ.

ಅಡುಗೆಮನೆಯಲ್ಲಿ ಗುರುಚರಣ ಬಾಗಿಲ ಬಳಿಯೇ ನಿಂತ. ಒಗ್ಗರಣೆ ಸೌಟು ಇನ್ನೂ ಒಲೆಯ ಮೇಲಿತ್ತು. ಅದರಲ್ಲಿ ಸಿಡಿಯದ ಸಾಸಿವೆ, ಪಕ್ಕದಲ್ಲಿ ಅಮ್ಮನ ಸ್ಟೂಲು.

"ತಿಂಡಿ ನೀವೇ ಮಾಡಿದ್ದಾ?"

"ಹೌದು."

"ಅಡುಗೆ ಬರ್ತದಾ?"

ಗತ್ತು ಇರಬೇಕು. ಸಂಹಿತಾ ಬಾಯಿ ತೆರೆದಳು, ಗತ್ತು ಬರಲಿಲ್ಲ. "ಇಲ್ಲ. ನೀವು ತಿಂದಿರಲ್ಲ, ಅಷ್ಟೇ ನನಗೆ ಬರೋದು."

"ಕಲಿಯುವ ಆಸೆ?"

"ಅದೂ ಇಲ್ಲ." ಹೇಳಿದ ಮೇಲೆ ನಿಲ್ಲಿಸುವುದು ಕಷ್ಟವಾಯಿತು. "ನನಗೆ ಕೆಲಸಕ್ಕೆ ಹೋಗಬೇಕು. ಎಂಟೂಕಾಲಿನ ಬಸ್ಸು. ವಾಪಸ್ ಬರೋವಾಗ ಏಳಾಗುತ್ತೆ. ಅಮ್ಮ ಏನೇನೋ ಹೇಳ್ತಾರೆ, ನಂಬಬೇಡಿ. ನೀವು ಬೇಡ ಅಂದ್ರೆ ನಾನು ಕೆಲಸ ಬಿಡಬೇಕಾಗುತ್ತೆ. ಆದರೂ ಸುಳ್ಳು ಹೇಳಿ ಒಪ್ಪಿಸೋಕೆ ನನ್ನಿಂದ ಆಗಲ್ಲ."

ಅವನು ಮೊದಲ ಸಲ ಅವಳ ಮುಖ ನೋಡಿದ.

"ಕೆಲಸ ಬಿಡ್ಬೇಡಿ. ನೀವು ಹೀಗೇ ಇರಿ. ನನಗೆ ಇಂಥ ಮನೆಯೇ ಬೇಕಿದ್ದದ್ದು."

ಹಾಲಿಗೆ ಬಂದು ಒಂದೇ ಮಾತು ಹೇಳಿದ: "ನಂಗೆ ಒಪ್ಪಿಗೆ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಪ್ಪ ಎದ್ದುಹೋಗಿ ಪಂಚಾಂಗ ತಂದು ಬೆರಳಿಟ್ಟು ಹುಡುಕಿದರು. "ಗುರುವಾರ ದಿವ್ಯವಾಗಿದೆ. ಶುಭಸ್ಯ ಶೀಘ್ರಂ."

ಸಂಹಿತಾ ಬಾಗಿಲಿಗೆ ಒರಗಿ ನಿಂತಳು. ನಾಳೆ ಎಂಟೂಕಾಲಿನ ಬಸ್ಸು ಹಿಡಿಯಬಹುದು. ನಾಡಿದ್ದೂ. ಮುಂದಿನ ವರ್ಷವೂ.

"ಆದ್ರೆ ಒಂದು ಷರತ್ತು," ಎಂದ ಗುರುಚರಣ.

ಅಮ್ಮನ ಸೆರಗು ಕಣ್ಣಿನ ಹತ್ತಿರವೇ ನಿಂತಿತು. ಅಪ್ಪ ಪಂಚಾಂಗ ಮುಚ್ಚಿದರು. ಇಷ್ಟೆಲ್ಲ ಆದ ಮೇಲೆ ಇದು ಬಂದೇ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು.

"ಹೇಳಿ. ನಮ್ಮ ಕೈಲಾದಷ್ಟು ಮಾಡ್ತೀವಿ."

"ಸಂಬಳ ನೀವು ಹೇಳಿದಷ್ಟೇ ಆಗ್ಲಿ ರಾಯರೇ, ಗುರುವಾರ ಬೆಳಿಗ್ಗೆ ಐದಕ್ಕೆ ಒಲೆ ಹಚ್ತೇನೆ, ಆದ್ರೆ ಅಡುಗೆಯವ ಅಂತ ನಾನು ಈ ಮನೆಯಲ್ಲಿರುವಷ್ಟು ದಿನ, ಅಮ್ಮನವರು ಸ್ಟೂಲು ಹಾಕ್ಕೊಂಡು ಪಕ್ಕದಲ್ಲಿ ಕೂತ್ಕೊಳ್ಬಾರ್ದು."