ಶಾಲೋ ಹೋಳಿಗೆಯೋ

ಮದುವೆ ಛತ್ರದ ಬಾಗಿಲಲ್ಲಿ ಗಂಡಿನ ಕಡೆಯ ಹುಡುಗರು ಕುಣಿಯುವುದನ್ನು ನಿಲ್ಲಿಸುವ ಹಾಗೆ ಕಾಣಲಿಲ್ಲ. ಡೋಲಿನ ಕೆಂಚಪ್ಪ ಬಾರಿಸುತ್ತಲೇ ಬ್ಯಾಂಡ್‌ಸೆಟ್ಟಿನ ಯಜಮಾನ ಮುದ್ದಯ್ಯನ ಕಿವಿಯಲ್ಲಿ ಗುಡುಗಿದ.

"ಯಜಮಾನ್ರೇ, ಒಳಗೆ ಹೋಳಿಗೆ ಬಡಿಸ್ತಾವ್ರೆ. ಕೊನೇ ಪಂಕ್ತಿಗೆ ಹೋದ್ರೆ ನಮಗೆ ಬರೀ ತಿಳಿಸಾರು. ಈಗ ಬಿಡದಿದ್ರೆ ನಾಳೆಯಿಂದ ನಿಮ್ಮ ಸೆಟ್ಟಿಗೆ ಬರಾಕಿಲ್ಲ."

ಕ್ಲಾರಿನೆಟ್ಟಿನ ಅಂಜನಪ್ಪ ಬಾಯಿಂದ ವಾದ್ಯ ತೆಗೆದು ಉರಿದುಬಿದ್ದ. "ಹೊಟ್ಟೆಬಾಕ! ಹೆಣ್ಣಿನ ತಂದೆ, ಗೌಡ್ರು, ಮೆಚ್ಚಿದೋನಿಗೆ ಶಾಲು ಹೊದಿಸ್ತೀನಿ ಅಂದವ್ರೆ. ಈಗ ನಿಲ್ಸಿದ್ರೆ ನಾನೂ ಬಿಟ್ಟೋಯ್ತೀನಿ."

ನಾಳೆ ಇನ್ನೊಂದು ಮದುವೆಯಿತ್ತು. ಇಬ್ಬರಲ್ಲಿ ಯಾರು ಹೋದರೂ ಸೆಟ್ಟು ಮುಚ್ಚಬೇಕಾಗಿತ್ತು. ಮುದ್ದಯ್ಯನ ಪಿತ್ತ ನೆತ್ತಿಗೇರಿತು.

"ಬಾಯ್ಮುಚ್ರೋ! ಕೆಂಚ, ಹೋಗಿ ತಿನ್ನು. ಅಂಜನಪ್ಪ, ನೀನೊಬ್ಬನೇ ಊದು. ಹೋಳಿಗೆ ಅವನಿಗೆ, ಶಾಲು ನಿನಗೆ."

ಇಬ್ಬರೂ ತೆಪ್ಪಗೆ ಒಪ್ಪಿದರು. ದೊಡ್ಡ ಆಫೀಸರನಿಗೂ ಇಂಥ ಪಂಚಾಯಿತಿ ಮಾಡಲು ಬರಲಿಕ್ಕಿಲ್ಲ ಎಂದುಕೊಂಡು ಮುದ್ದಯ್ಯ ಎಲೆಯಡಿಕೆ ಬಾಯಿಗೆ ಹಾಕಿಕೊಂಡ.

ಡೋಲು ನಿಂತಿತು. ಬಡಿತವಿಲ್ಲದೆ ಯಾವ ಕಾಲು ಕುಣಿದೀತು? ಹುಡುಗರು ಬೆವರೊರೆಸಿಕೊಂಡು ಊಟಕ್ಕೆ ನಡೆದರು. ಅವರ ಹಿಂದೆಯೇ ಬೀಗರೆಲ್ಲ ಒಳಗೆ ಹೋದರು. ಖಾಲಿ ಅಂಗಳದಲ್ಲಿ ಅಂಜನಪ್ಪ ಕಣ್ಣು ಮುಚ್ಚಿ ಊದುತ್ತಲೇ ಇದ್ದ.

ಗೌಡರು ತಟ್ಟೆಯಲ್ಲಿ ಶಾಲು ಇಟ್ಟುಕೊಂಡು ನಗುನಗುತ್ತ ಬಂದರು. ಅಂಜನಪ್ಪ ಅಂಗಿಯ ಕಾಲರು ಸರಿಮಾಡಿಕೊಂಡು ಕತ್ತು ಬಗ್ಗಿಸಿದ.

"ಸ್ವಲ್ಪ ದಾರಿ ಬಿಡಪ್ಪ," ಎಂದರು ಗೌಡರು. "ಆ ಡೋಲು ನಿಲ್ಲಿಸಿ ಬೀಗರನ್ನ ಊಟಕ್ಕೆ ಕಳಿಸಿದ ಪುಣ್ಯಾತ್ಮ ಯಾವ ಪಂಕ್ತೀಲಿ ಕೂತವ್ನೆ?"